ಇಪ್ಪತ್ತು ನಿಮಿಷ ತಡವಾದ ಸೂರ್ಯ

“ಏಳ್ರಿ, ಅದು ನನ್ನ ಕುರ್ಚಿ.”

ಕ್ಷಮಾ ನನಗೆ ಹೇಳಿದ ಮೊದಲ ಮಾತು ಅದು. ಎದ್ದೆ. ಒಂದು ವರ್ಷದಿಂದ ಬನಹಟ್ಟಿಯ ನನ್ನ ಕೋಣೆಯಲ್ಲಿ ಒಬ್ಬನೇ ಕೂತು ರೇಡಿಯೋದಲ್ಲಿ ಕೇಳುತ್ತಿದ್ದ ದನಿ ಈಗ ಎರಡು ಹೆಜ್ಜೆ ದೂರದಲ್ಲಿ, ಹಸಿರು ದುಪಟ್ಟಾ ಹೊದ್ದು, ಹುಬ್ಬು ಗಂಟಿಕ್ಕಿ ನಿಂತಿತ್ತು.

“ನೀವೇ ಏನ್ರಿ, ರೇಡಿಯೋ ಕೊಳ್ಳಾಕ ಬಂದ ಕಪಿಲ ಅನ್ನೋರು?”

“ನೋಡಾಕ ಬಂದೇನ್ರಿ. ಕೊಳ್ಳೂದು ಇನ್ನೂ ಗಟ್ಟಿ ಇಲ್ಲ.”

“ನೋಡ್ರಿ ಮತ್ತ. ಮಷಿನ್ ಆ ಕಡೆ ಅದಾವು.”

ನಾನು ನೋಡುತ್ತಿದ್ದದ್ದು ಈ ಕಡೆಗೆ. ಅವಳು ಹೆಡ್‌ಫೋನ್ ಹಾಕಿಕೊಳ್ಳುವ ನೆಪದಲ್ಲಿ ನಗುವನ್ನು ಅಡಗಿಸಿದಳು.

ತೇರದಾಳದ ಪೇಟೆಯಲ್ಲಿ ಅರಿಶಿನದ ಅಂಗಡಿಯ ಮೇಲೆ ಎರಡು ಕೋಣೆ, ಪ್ರಸಾರದ ಒಂದು ಕಂಬ. ಅಷ್ಟೇ ಆ ರೇಡಿಯೋ ಕೇಂದ್ರ. ಗಡಿಯಾಚೆಯ ಹಳ್ಳಿಗಳವರೂ ಕೇಳುತ್ತಾರೆಂದು ಕ್ಷಮಾ ಏಳು ವರ್ಷದಿಂದ ಅಲ್ಲಿ ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಮಾಲೀಕ ಧರ್ಮರಾಜ ಕಾಕಾಗೆ ವಯಸ್ಸಾಗಿತ್ತು. ಮೂರು ದಿನದಲ್ಲಿ ನಾನು ಹೂಂ ಅನ್ನದಿದ್ದರೆ ಹೊರಗಿನ ಕಂಪನಿಯೊಂದಕ್ಕೆ ಕೊಡುವವರಿದ್ದರು. ಆ ಕಂಪನಿಗೆ ಬೇಕಾದದ್ದು ಕಂಬ ಮಾತ್ರ. ಕ್ಷಮಾ ಬೇಕಿರಲಿಲ್ಲ.

ಕೊಂಡರೆ ನಾನು ಅವಳ ಮಾಲೀಕ. ಸಂಜೆಯಾಗುವಷ್ಟರಲ್ಲೇ ಅವಳು “ಸರ್” ಎನ್ನತೊಡಗಿದ್ದಳು. ಆ ಪುಟ್ಟ ಪದ ನಮ್ಮಿಬ್ಬರ ನಡುವೆ ಮೇಜಿನ ಹಾಗೆ ಬಂದು ಕೂತಿತು.

ಪೇಟೆಯ ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಂಗಡಿಯೊಳಗೆ ಕೂತವರಿಗೆ ಗೊತ್ತಾಗಲೆಂದು ಕ್ಷಮಾ ದಿನಾ ಸಂಜೆ ಸೂರ್ಯ ಮುಳುಗುವ ವೇಳೆ ಹೇಳಿ, “ಉಂಡು ಬರ್ರಿ” ಎನ್ನುತ್ತಿದ್ದಳು. ಅದಕ್ಕೆಂದೇ ತಿಂಗಳಿಗೊಂದು ಹಾಳೆ ಬರೆದು ಗೋಡೆಗೆ ಸಿಕ್ಕಿಸಿದ್ದಳು.

ಎರಡನೇ ದಿನ ವೈರಿಂಗ್ ನೋಡಲೆಂದು ನಾನು ಆ ಹಾಳೆಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದೆ. ನಡೆಯುತ್ತಿದ್ದ ಅಕ್ಟೋಬರ್ ಅಡಿಗೆ ಹೋಗಿ, ಮುಗಿದ ಸೆಪ್ಟೆಂಬರ್ ಮೇಲೆ ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ. ಸಂಜೆ ಮೈಕಿನ ಮುಂದೆ ಅವಳು ತಲೆ ಎತ್ತಿದಾಗ ನಾನು ಅವಳನ್ನೇ ನೋಡುತ್ತಿದ್ದೆ. ಅವಳೂ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದಳು. ಆಮೇಲೆ ಅವಸರದಲ್ಲಿ ಗೋಡೆಯತ್ತ ಹೊರಳಿ ಓದಿದಳು: “ಇವತ್ತ ಹೊತ್ತು ಮುಳುಗೂದು ಆರೂವರಿಗೆ.”

ಸೂರ್ಯ ಮುಳುಗಿದ್ದು ಆರು ಹತ್ತಕ್ಕೆ. ದಟ್ಟ ಮೋಡವಿತ್ತು, ಯಾರಿಗೂ ತಿಳಿಯಲಿಲ್ಲ.

ಏಳು ಗಂಟೆಗೆ ಕೆಳಗಿನ ಅಂಗಡಿಯ ಶಾಂತವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಏನ ಹೇಳಿದಿ ಬೇ ಕ್ಷಮಾ? ನಾ ಉಣ್ಣಾಕ ಕುಂತಾಗ ಹೊತ್ತು ಮುಳುಗಿತ್ತಂತ! ಸೊಸಿ ಮೊಬೈಲ್‌ನಾಗ ನೋಡಿ ಹೇಳಿದಳು. ನಲವತ್ತು ವರ್ಷದ ನೇಮ ನಂದು.”

ನನ್ನ ಕಣ್ಣು ಹಾಳೆಗೆ ಹೋಯಿತು. ಅವಳ ಕಣ್ಣೂ ಹೋಯಿತು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು:

“ತಪ್ಪು ನಂದರೀ ಶಾಂತವ್ವಾರ.”

ನಾನು ಸುಮ್ಮನಿದ್ದೆ. ಮೌನ ನನಗೆ ಯಾವಾಗಲೂ ಇಷ್ಟ. ಆ ದಿನದ ಮೌನ ಮಾತ್ರ ಬಾಯೊಳಗೆ ಮಣ್ಣಿನ ಹಾಗಿತ್ತು.

ಮರುದಿನ ಇಡೀ ಪೇಟೆ ಅವಳನ್ನು ಕೆಣಕಿತು. “ನಿನ್ನ ಸೂರ್ಯ ಇವತ್ತ ಎಷ್ಟೊತ್ತಿಗೆ ಮುಳುಗತಾನವಾ?” ಶಾಂತವ್ವ ಪ್ರಾಯಶ್ಚಿತ್ತಕ್ಕೆ ಉಪವಾಸವಿದ್ದರು. ಕ್ಷಮಾ ಯಾರಿಗೂ ಎದುರಾಡಲಿಲ್ಲ.

ಸಂಜೆ ಅವಳು ಮೈಕ್ ಹತ್ತಿರ ಬಾಗುವ ಮುನ್ನ ನಾನು ಬಾಗಿದೆ.

“ನಿನ್ನೆ ತಪ್ಪಾಗಿದ್ದು ನನ್ನಿಂದರೀ. ಹಾಳಿ ಅದಲು ಬದಲು ಮಾಡಿದಾಂವ ನಾನು, ಕಪಿಲ. ಕ್ಷಮಾ ಅವರದು ಏನೂ ತಪ್ಪಿಲ್ಲ. ಶಾಂತವ್ವಾರ, ಕೈ ಮುಗೀತೇನಿ.”

ಆಮೇಲೆ ಅವಳು ವೇಳೆ ಹೇಳಿ, ಹಾಡು ಹಾಕಿ, ನನ್ನತ್ತ ತಿರುಗಿದಳು. ಕೆನ್ನೆ ಕೆಂಪಾಗಿತ್ತು.

“ಯಾಕ ಹೇಳಿದ್ರಿ ಸರ್? ನಿಮ್ಮ ಹೆಸರು ಕೆಟ್ಟು ನೀವು ಕೊಳ್ಳದೇ ಹೋದೀರಿ ಅಂತ ನಾ ನುಂಗಿಕೊಂಡಿದ್ದೆ.”

“ನಾ ಒಬ್ಬನೇ ಕೊಳ್ಳೂದಿಲ್ಲರೀ.”

ಅವಳ ಮುಖ ಬಾಡಿತು. ನನಗೆ ಇನ್ನು ಸುಮ್ಮನಿರಲಾಗಲಿಲ್ಲ.

“ಮಾಲಕ ಆದ್ರ ನೀವು ಸರ್ ಅಂತೀರಿ. ಸರ್ ಅನ್ನೋರಿಗೆ ನನ್ನ ಮನಸ್ಸಿನ ಮಾತು ಹೇಳಿದ್ರ ಅದು ಹುಕುಂ ಆಗತೈತಿ. ಕರಾರಪತ್ರದಾಗ ಅರ್ಧಕ್ಕ ನಿಮ್ಮ ಹೆಸರು ಹಾಕಸ್ರಿ. ಹೂಂ ಅಂದ್ರ ಮಾತ್ರ ಕೊಳ್ತೇನಿ.”

“ನನ್ನ ಕಡೆ ರೊಕ್ಕ ಎಲ್ಲೈತಿ?”

“ಏಳು ವರ್ಷದ ದನಿ ಐತಲ್ಲ.”

ಅವಳು ಬಹಳ ಹೊತ್ತು ಬೆರಳಿನಿಂದ ಮೇಜಿನ ಅಂಚು ಸವರಿದಳು. ಆಮೇಲೆ ಬಾಗಿಲಾಚೆ ಕೂಗಿದಳು: “ಧರ್ಮರಾಜ ಕಾಕಾ, ಕರಾರಪತ್ರದಾಗ ಎರಡು ಹೆಸರು ಬರಸ್ರಿ!”

“ಯಾರ್ಯಾರದವಾ?” ಎಂದು ಹೊರಗಿನಿಂದ ಕಾಕಾ.

“ನಂದು, ಇವರದು!” ಎಂದವಳೇ ನನ್ನತ್ತ ಹೊರಳಿದಳು. “ಈಗ ಅರ್ಧ ಮಾಲಕಿ ನಾನು. ಯಾರ ಹುಕುಮೂ ನಡೆಯಾಂಗಿಲ್ಲ. ಹೇಳ್ರಿ, ಅದೇನ ಮಾತು?”

ಹೇಳಿದೆ. ಮೂರೇ ಪದ, ಅದರಲ್ಲೂ ಒಂದು ತಡವರಿಸಿತು. ಅವಳು ನನ್ನ ಕಣ್ಣಿನಿಂದ ಕಣ್ಣು ಕೀಳಲಿಲ್ಲ.

“ಕಪಿಲ,” ಎಂದಳು ಮೆಲ್ಲಗೆ, “ಇನ್ನೊಮ್ಮೆ ಹೇಳು.”