ಚಂದ್ರನ ಪಕ್ಕದ ಬಿಳಿ ಚುಕ್ಕೆ

"ಯಾರನ್ನ ಕೇಳಿ ಅಳಿಸಿದ್ರಿ?"

ಪ್ರಿಂಟಿಂಗ್ ಅಂಗಡಿಯ ಕೌಂಟರಿನ ಮೇಲೆ ಸ್ಯಾಂಪಲ್ ಪ್ರಿಂಟನ್ನು ಹರವಿ ಅವಳು ಹಾಗೆ ಕೇಳಿದ್ದೇ ತಡ, ಒಳಗೆ ಲ್ಯಾಮಿನೇಷನ್ ಮಾಡುತ್ತಿದ್ದ ಇಬ್ಬರೂ ಕೈಲಿದ್ದ ಕೆಲಸ ಬಿಟ್ಟು ಕಿವಿ ನಿಮಿರಿಸಿದರು. ಬಿಟ್ಟಿ ಜಗಳ ಯಾರಿಗೆ ಬೇಡ?

ಕಂಪ್ಯೂಟರಿನ ಹಿಂದೆ ಕೂತಿದ್ದವನು ಕನ್ನಡಕವನ್ನು ಹಣೆಗೇರಿಸಿದ. "ಏನನ್ನ ಮೇಡಂ?"

"ಇಲ್ಲೊಂದು ಬಿಳಿ ಚುಕ್ಕೆ ಇತ್ತು."

"ಓ, ಅದಾ? ಧೂಳು. ನಾನೇ ಕ್ಲೀನ್ ಮಾಡ್ದೆ. ಥ್ಯಾಂಕ್ಸ್ ಎಲ್ಲಾ ಬೇಡ ಬಿಡಿ."

"ಧೂಳಲ್ಲ ರೀ ಅದು! ಅದರೊಳಗೆ ಇಬ್ಬರು ಮನುಷ್ಯರಿದ್ದಾರೆ!"

ಲ್ಯಾಮಿನೇಷನ್‌ನವರು ಕಿಸಕ್ಕನೆ ನಕ್ಕರು. ಅವನು ಮಾತ್ರ ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿದ, ಚಿತ್ರವನ್ನೊಮ್ಮೆ ನೋಡಿದ, ಮತ್ತೆ ಅವಳ ಮುಖವನ್ನೇ ನೋಡಿದ. ಅವಳ ಕಣ್ಣಂಚು ಒದ್ದೆಯಾಗಿತ್ತು.

ಅವಳಿಗೆ ನಲವತ್ತೆರಡು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಸ್ಕ್ಯಾನಿಂಗ್ ಟೆಕ್ನಿಷಿಯನ್. ದಪ್ಪ ಗಾಜಿನ ಈಚೆ ಅವಳು, ಆಚೆ ಯಂತ್ರದ ಮೇಲೆ ಅಂಗಾತ ಮಲಗಿದ ರೋಗಿ. ದಿನವಿಡೀ ಮೈಕಿನಲ್ಲಿ ಅವಳು ಆಡುವ ಮಾತು ಎರಡೇ: "ಉಸಿರು ಹಿಡ್ಕೊಳ್ಳಿ", "ಈಗ ಬಿಡಿ". ಅದಕ್ಕೇ ಆಸ್ಪತ್ರೆಯವರು 'ಉಸಿರು ಮೇಡಂ' ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರ್ಯಾರೂ ಊಟಕ್ಕೆ ಜೊತೆಗೆ ಕರೆಯುತ್ತಿರಲಿಲ್ಲ. ಕೆಟ್ಟವರೆಂದಲ್ಲ, ಕೆಳಗೆ ಒಬ್ಬಳಿದ್ದಾಳೆಂಬುದು ಊಟದ ಹೊತ್ತಿಗೆ ಯಾರಿಗೂ ನೆನಪಾಗುತ್ತಿರಲಿಲ್ಲ, ಅಷ್ಟೆ. ಕಾರಿಡಾರಿನಲ್ಲಿ ಎದುರಾದ ರೋಗಿಗಳಿಗೂ ಅವಳ ಗುರುತು ಸಿಗುತ್ತಿರಲಿಲ್ಲ. ಅವರು ಕೇಳಿದ್ದು ಬರೀ ದನಿ.

ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು. ಮಹಡಿಯ ಮೇಲಿನ ಕೋಣೆ ಅವಳದು. ಮೊದಲೆಲ್ಲ ಮದುವೆಯ ಮಾತೆತ್ತಿ ಪ್ರಾಣ ತಿನ್ನುತ್ತಿದ್ದ ಅತ್ತಿಗೆ ಐದಾರು ವರ್ಷಗಳಿಂದ ಸುಮ್ಮನಾಗಿದ್ದಳು. ಆ ಮಾತು ಒಮ್ಮೆ ನಿಂತರೆ ಸಾಕಪ್ಪಾ ಎನ್ನುತ್ತಿದ್ದವಳಿಗೆ, ಅದು ನಿಜವಾಗಿ ನಿಂತ ಮೇಲೆ ಎದೆಯೊಳಗೆ ಏನೋ ಖಾಲಿಯಾದಂತಾಗಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹಾಗಾಗಿ ಸಂಜೆಯಾದರೆ ಅವಳು ಚಂದ್ರನ ಹತ್ತಿರ ಹೋಗುತ್ತಿದ್ದಳು. ಬಾಹ್ಯಾಕಾಶ ಯಾನಗಳಲ್ಲಿ ತೆಗೆದ ಫೋಟೋಗಳನ್ನೆಲ್ಲ ಆನ್‌ಲೈನ್ ಆರ್ಕೈವ್‌ಗಳಲ್ಲಿ ರೋಲ್ ರೋಲಾಗಿ ಇಟ್ಟಿದ್ದಾರೆ. ಒಂದೊಂದು ಯಾನಕ್ಕೂ ಸಾವಿರಾರು ಚಿತ್ರ. ಕ್ಯಾಲೆಂಡರಿಗೆ, ಪುಸ್ತಕದ ಮುಖಪುಟಕ್ಕೆ ಹೋದವು ಹತ್ತೋ ಹನ್ನೆರಡೋ. ಉಳಿದವನ್ನು ಕೇಳುವವರಿಲ್ಲ. ಕೈ ನಡುಗಿದವು, ಬಿಸಿಲು ಹೊಡೆದವು, ಕಿಟಕಿಯ ಚೌಕಟ್ಟೇ ಅರ್ಧ ತುಂಬಿಕೊಂಡವು. ಅವಳಿಗೆ ಅವುಗಳ ಮೇಲೇ ಪ್ರೀತಿ. ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ಫೋನಿನಲ್ಲಿ ಒಂದೊಂದನ್ನೇ ಸರಿಸುತ್ತ ನೋಡುತ್ತಿದ್ದಳು.

ಅದರಲ್ಲೊಂದು ಕಪ್ಪು-ಬಿಳುಪಿನ ರೋಲ್. ಇಬ್ಬರು ಚಂದ್ರನ ಮೇಲೆ ಇಳಿದಾಗ ಮೂರನೆಯವನೊಬ್ಬ ಮೇಲೆಯೇ ಉಳಿದು, ಒಬ್ಬನೇ ಸುತ್ತುತ್ತ, ಕಿಟಕಿಯಿಂದ ತೆಗೆದದ್ದು. ಬರೀ ಕುಳಿಗಳು. ಒಂದು ಚಿತ್ರದಲ್ಲಿ ಮಾತ್ರ ಚಂದ್ರನ ಅಂಚಿನ ಪಕ್ಕ, ಕಪ್ಪು ಆಕಾಶದಲ್ಲಿ, ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಕೆಳಗಿಳಿದ ಇಬ್ಬರೂ ವಾಪಸು ಬರುತ್ತಿರುವ ವಾಹನ ಇದೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ಅಷ್ಟು ಹೊತ್ತು ಒಂಟಿಯಾಗಿದ್ದವನಿಗೆ ಇದು ಕಣ್ಣಿಗೆ ಬಿದ್ದಾಗ ಹೇಗಾಗಿರಬೇಡ ಎಂದು ನೆನೆದು ಒಂದು ಸಂಜೆ ಅತ್ತೂ ಬಿಟ್ಟಳು.

ಸ್ಕ್ಯಾನಿಂಗ್ ಕೋಣೆಗೆ ಹೊಸ ಸೀಲಿಂಗ್ ಹಾಕಿಸುತ್ತಾರೆಂದು ಗೊತ್ತಾದಾಗ, ಮಲಗಿದ ರೋಗಿಗಳಿಗೆ ನೋಡಲು ಏನಾದರೂ ಇರಲಿ, ಒಂದು ದೊಡ್ಡ ಚಿತ್ರ ಅಂಟಿಸೋಣ ಎಂದು ಪಟ್ಟು ಹಿಡಿದು ಮೇಲಿನವರನ್ನು ಒಪ್ಪಿಸಿದವಳೂ ಅವಳೇ. ಯಾವ ಚಿತ್ರ ಎಂಬುದನ್ನು ಅವಳಿಗೇ ಬಿಟ್ಟಿದ್ದರು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದು ಕೊಟ್ಟರೆ, ಈ ಆಸಾಮಿ ಒಂದೇ ಕ್ಲಿಕ್ಕಿಗೆ ಇಬ್ಬರನ್ನೂ ಇಲ್ಲವಾಗಿಸಿದ್ದ.

"ಮೇಡಂ, ಇದು ಫೋನಿಂದ ಇಳಿಸಿದ ಫೋಟೋ," ಅವನು ಮೆಲ್ಲಗೆ ಹೇಳಿದ. "ಸೀಲಿಂಗ್ ಸೈಜಿಗೆ ಹಿಗ್ಗಿಸಿದ್ರೆ ಹೇಗೂ ಪಿಕ್ಸೆಲ್ ಒಡೆಯುತ್ತೆ."

'ಪಿಕ್ಸೆಲ್ ಒಡೆಯುತ್ತೆ' ಎಂಬುದು ಅವನ ಬಾಯಿಪಾಠ. ಮಸುಕು ಫೋಟೋ ತಂದ ಗಿರಾಕಿಗಳನ್ನು ಬಂದ ದಾರಿಗೇ ಕಳಿಸುವುದರಲ್ಲಿ ಎತ್ತಿದ ಕೈ. ಅಂಗಡಿಯವರು ಅವನನ್ನು ಕರೆಯುತ್ತಿದ್ದದ್ದೇ ಪಿಕ್ಸೆಲ್ ಎಂದು.

"ಇಲ್ಲಿ ನೋಡಿ, ಕೆಳಗೊಂದು ನಂಬರಿದೆ. ಮೊದಲನೇದು ರೋಲಿಂದು, ಎರಡನೇದು ಫ್ರೇಮಿಂದು. ಚಿತ್ರ ಹುಡುಕೋಕೆ ಹೋಗ್ಬಾರದು, ಈ ನಂಬರ್ ಹಾಕಿ ಹುಡುಕ್ಬೇಕು. ಮೂಲ ಫಿಲ್ಮನ್ನೇ ಯಾವುದಾದ್ರೂ ಆರ್ಕೈವಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿಟ್ಟಿರ್ತಾರೆ. ಅದು ಸಿಕ್ರೆ ನಿಮ್ಮ ಇಬ್ಬರ ಮೂಗು ಮೀಸೆ ಎಲ್ಲಾ ಕಾಣುತ್ತೆ."

"ಗೇಲಿ ಮಾಡ್ಬೇಡಿ."

"ಇಲ್ಲ ಇಲ್ಲ. ಮುಂದಿನ ಗುರುವಾರ ಬನ್ನಿ, ಹುಡುಕಿಟ್ಟಿರ್ತೀನಿ. ಧೂಳೇ ಆಗಿದ್ರೆ ನೀವು ನನಗೆ ಚಾ ಕುಡಿಸ್ಬೇಕು."

"ಅಲ್ಲದಿದ್ರೆ?"

"ನಾನು ನಿಮಗೆ ಕುಡಿಸ್ತೀನಿ."

ಹೇಗಿದ್ದರೂ ಚಾ ಗ್ಯಾರಂಟಿ ಎಂಬುದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಕ್ಕಳು.

ಗುರುವಾರ ಮಧ್ಯಾಹ್ನ ಅವಳಿಗೆ ಅರ್ಧ ದಿನ ರಜೆ. ಮೊದಲ ಗುರುವಾರ ಅವನು ತೋರಿಸಿದ ಫೋಟೋ ಮೊದಲಿನದರ ಎರಡರಷ್ಟಿತ್ತು. ಚುಕ್ಕೆ ಚುಕ್ಕೆಯಾಗಿಯೇ ಇತ್ತು. "ಇದಕ್ಕಿಂತ ದೊಡ್ಡದು ಇನ್ನೊಂದು ಕಡೆ ಇರ್ಬೇಕು, ಸರ್ವರ್ ಸ್ಲೋ," ಎಂದ. ಮುಂದಿನ ವಾರ ಇನ್ನಷ್ಟು ದೊಡ್ಡದು. ಅದರ ಮುಂದಿನ ವಾರ ಮತ್ತೂ ಸ್ವಲ್ಪ.

ತೀರ್ಪು ಬಾಕಿಯಿದ್ದುದರಿಂದ ಚಾ ಒಂದು ವಾರ ಇವಳದು, ಒಂದು ವಾರ ಅವನದು. ಅವಳು ಬರುವ ಮೊದಲೇ ಸ್ಟೂಲನ್ನು ಕರ್ಚೀಫಿನಿಂದ ಒರೆಸಿಟ್ಟಿರುತ್ತಿದ್ದ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮೇಜಿನ ತುಂಬ ಹುಡುಕುತ್ತಿದ್ದ. ಅವಳು ಹೇಳದೆ ಸುಮ್ಮನೆ ನೋಡುತ್ತಿದ್ದಳು. ಕೊನೆಗೆ ಸಿಕ್ಕಿದಾಗ ಅವನು ಕಳ್ಳನೋಟದಲ್ಲಿ, ನೋಡಿಬಿಟ್ಟಳೋ ಏನೋ ಎಂದು ಅವಳ ಕಡೆ ತಿರುಗುವುದು, ಅವಳು ಥಟ್ಟನೆ ಚಂದ್ರನ ಕಡೆ ತಿರುಗುವುದು.

ಇಬ್ಬರೂ ಕೂತು ಇಡೀ ರೋಲನ್ನು ನೋಡುತ್ತಿದ್ದರು. "ಇದು ನೋಡಿ, ಮೊಣಕೈ ತಾಗಿ ಕ್ಲಿಕ್ ಆಗಿರೋದು," ಎನ್ನುತ್ತಿದ್ದ ಅವನು. "ಇದು, ಬೇಜಾರಿಗೆ ತೆಗೆದದ್ದು."

"ಬೇಜಾರಿಗೆ ಅಂತ ಹೇಗೆ ಗೊತ್ತು?"

"ಒಂದೇ ಕುಳಿ ನಾಕು ಸಲ ತೆಗೆದಿದ್ದಾನೆ. ಮಾತಾಡೋಕೆ ಯಾರೂ ಇಲ್ದಿದ್ರೆ ಮನುಷ್ಯ ಹಾಗೇ." ಕಪ್ಪನ್ನು ಕೆಳಗಿಟ್ಟು ಅವನೇ ಹೇಳಿದ, "ನನ್ನ ಹೆಂಡತಿ ತೀರಿಹೋಗಿ ಎಂಟು ವರ್ಷ. ಮನೆಗೆ ಹೋದ ಮೇಲೆ ಬಾಗಿಲು ಹಾಕಿದೀನಾ ಅಂತ ಮೂರು ಮೂರು ಸಲ ನೋಡ್ತೀನಿ. ಕಳ್ಳರ ಭಯಕ್ಕಲ್ಲ."

ಅವಳು ಅವನ ಕಪ್ಪಿಗೆ ತನ್ನ ಕಪ್ಪಿನಿಂದ ಒಂದಿಷ್ಟು ಚಾ ಸುರಿದಳು.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದುಂಟೇ? "ಏನಮ್ಮಾ, ಗುರುವಾರ ಬಂತು ಅಂದ್ರೆ ಎರಡೆರಡು ಸಲ ತಲೆ ಬಾಚ್ತೀಯಲ್ಲ?"

"ಆಫೀಸ್ ಕೆಲಸ ಅತ್ತಿಗೆ."

"ಆ ಕೆಲಸಕ್ಕೆ ಮದುವೆ ಆಗಿದೆಯೋ, ಇಲ್ವೋ?"

ಅವಳು ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು. ಕಿವಿಯೆಲ್ಲ ಬಿಸಿಯಾಗಿತ್ತು.

ಹೀಗೆ ಏಳು ವಾರ. ಎಂಟನೆಯ ಗುರುವಾರ ಬಂದಾಗ ಸೀಲಿಂಗಿನವರು ಶನಿವಾರ ಬರುವುದೆಂದು ನಿಗದಿಯಾಗಿತ್ತು. ಪ್ರಿಂಟ್ ಈ ದಿನವೇ ಆಗಬೇಕು. ಆಮೇಲೆ ಅಂಗಡಿಗೆ ಬರಲು ಅವಳಿಗೆ ಯಾವ ನೆಪವೂ ಉಳಿಯುವುದಿಲ್ಲ. ಮತ್ತೆ ಗಾಜು, ಮೈಕು, ಮಹಡಿಯ ಕೋಣೆ.

ಪಿಕ್ಸೆಲ್ ಕೂಡ ಆ ದಿನ ಎಂದಿನಂತಿರಲಿಲ್ಲ. ಸ್ಟೂಲ್ ಸರಿಸಿ ಕೊಟ್ಟ, ಚಾ ತರಿಸಲಿಲ್ಲ.

"ಒಂದು ವಿಷಯ ಹೇಳ್ಬೇಕು. ಬಯ್ಯೋದಿದ್ರೆ ಪೂರ್ತಿ ಕೇಳಿ ಬಯ್ಯಿರಿ."

ಒಂದು ಫೋಲ್ಡರ್ ತೆರೆದ. ಪರದೆಯ ತುಂಬ ಮೂಲ ಫಿಲ್ಮಿನ ಸ್ಕ್ಯಾನ್. ಅವನು ಹಿಗ್ಗಿಸುತ್ತ ಹೋದ. ಕುಳಿಯೊಳಗಿನ ಕಲ್ಲುಗಳು ಕಂಡವು, ಕಲ್ಲುಗಳ ನೆರಳು ಕಂಡಿತು. ಚುಕ್ಕೆಯ ಹತ್ತಿರ ಬಂದು ನಿಂತ. ಅದು ವಾಹನವಾಗಿರಲಿಲ್ಲ. ತುದಿ ಸುರುಳಿಕೊಂಡ ಒಂದು ತುಂಡು ನೂಲು.

"ಫಿಲ್ಮಿಗೆ ಅಂಟಿದ ಬಟ್ಟೆ ಎಳೆ. ಧೂಳೇ," ಎಂದ. "ಇದು ನನಗೆ ಸಿಕ್ಕಿದ್ದು ಈ ವಾರ ಅಲ್ಲ. ನೀವು ಜಗಳ ಮಾಡಿ ಹೋದ ಮಾರನೇ ದಿನವೇ. ಇದನ್ನೇ ಚಿಕ್ಕದು ಮಾಡಿ ಮಾಡಿ ನಿಮಗೆ ತೋರಿಸ್ತಾ ಬಂದೆ."

"ಯಾಕೆ?"

"ಇಬ್ಬರು ಮನುಷ್ಯರಿದ್ದಾರೆ ಅಂದ್ರಲ್ಲ, ಆಗ ನಿಮ್ಮ ಮುಖ ನೋಡಿದ್ದೆ. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. ಆಮೇಲೆ..." ಅವನು ಪರದೆಯ ಕಡೆ ತಿರುಗಿದ. "ಸಿಕ್ತು ಅಂದ್ರೆ ನೀವ್ಯಾಕೆ ಬರ್ತೀರಿ ಮೇಡಂ?"

ಅವಳು ಬ್ಯಾಗಿನಿಂದ ಫೋನ್ ತೆಗೆದು ಅವನ ಮುಂದಿಟ್ಟಳು. ಅದೇ ಫ್ರೇಮ್, ಅದೇ ಸುರುಳಿ ನೂಲು. ಇಳಿಸಿಕೊಂಡ ದಿನಾಂಕ ಅವನದಕ್ಕಿಂತ ಒಂದು ದಿನ ಹಿಂದಿನದು.

"ನಂಬರ್ ಹಾಕಿ ಹುಡುಕಿ ಅಂತ ನೀವೇ ಹೇಳಿಕೊಟ್ರಲ್ಲ. ಆವತ್ತು ಸಂಜೆಯೇ ಸಿಕ್ತು. ಕೆಲಸಕ್ಕೆ ಸೇರಿದಾಗ ನಮ್ಮಲ್ಲೂ ಎಕ್ಸ್-ರೇ ಫಿಲ್ಮೇ ಇದ್ದದ್ದು. ಫಿಲ್ಮಿನ ಮೇಲಿನ ನೂಲು ನನಗೆ ಗೊತ್ತಾಗಲ್ವಾ?"

"ಮತ್ತೆ ಏಳು ವಾರ...?"

"ಸುಮ್ನೆ ಬಂದೆ."

ಅವನು ಬೆರಗಾಗಿ ನೋಡಿದ. "ನಾನು ಕಳ್ಳ ಅಂದ್ಕೊಂಡಿದ್ದೆ. ನೀವು ಮಹಾಕಳ್ಳಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲ್ಯಾಮಿನೇಷನ್‌ನವರು ಮುಖ ಮುಖ ನೋಡಿಕೊಂಡು, ಏನೋ ತರಲಿಕ್ಕಿದೆ ಎಂದು ಗೊಣಗುತ್ತ ಹೊರಗೆ ಹೋದರು.

"ಚುಕ್ಕೆ ಇರ್ಲಾ?" ಅವನು ಕೇಳಿದ.

"ಬೇಡ. ಅಳಿಸಿ."

ಅವನು ಅಳಿಸಿದ. ದೊಡ್ಡ ಯಂತ್ರ ಗುರ್ರೆಂದು ಚಂದ್ರನನ್ನು ಇಂಚಿಂಚಾಗಿ ಹೊರಗೆ ತಳ್ಳತೊಡಗಿತು. ಮುಗಿಯಲು ಅರ್ಧ ಗಂಟೆ ಬೇಕು. ಹೇಳುವುದನ್ನು ಅಷ್ಟರೊಳಗೆ ಹೇಳಬೇಕು, ಇಲ್ಲದಿದ್ದರೆ ಸುರುಳಿ ಸುತ್ತಿಸಿಕೊಂಡು ಮನೆಗೆ ಹೋಗಬೇಕು.

"ಎದುರಿಗೆ ಕೂತವರ ಹತ್ರ ಮಾತಾಡಿ ನನಗೆ ಅಭ್ಯಾಸ ಇಲ್ಲ," ಎಂದಳು. "ತಪ್ಪಾದ್ರೆ ತಪ್ಪು. ನೀವಂದ್ರೆ ನನಗೆ ಇಷ್ಟ. ಇಷ್ಟು ವರ್ಷ ಒಬ್ಬಳೇ ಇದ್ದೆ, ಏನೂ ಅನ್ನಿಸ್ತಿರಲಿಲ್ಲ. ಈಗ ಶುಕ್ರವಾರದಿಂದ ಬುಧವಾರದ ತನಕ ಅನ್ನಿಸುತ್ತೆ."

ಅವನು ತನ್ನ ಬೆರಳ ತುದಿಯ ಶಾಯಿಯನ್ನು ಉಜ್ಜುತ್ತ ಕೂತ.

"ನನಗೆ ಐವತ್ತಾಯ್ತು."

"ನಾನು ಕೇಳಿದ್ನಾ?"

"ಗೊರಕೆ ಹೊಡೀತೀನಿ. ಜೋರಾಗಿ."

"ನನ್ನ ಕೋಣೇಲಿ ಹದಿನೈದು ವರ್ಷದಿಂದ ಒಂದು ಸದ್ದೂ ಇಲ್ಲ. ಹೊಡೀರಿ."

ಅವನು ನಗಲು ಹೋಗಿ ಅತ್ತುಬಿಟ್ಟ. ಗಂಡಸು, ಅದೂ ಅಂಗಡಿಯಲ್ಲಿ, ಎಂಬ ನಾಚಿಕೆಗೆ ಎದ್ದು ಪ್ರಿಂಟರಿನ ಕಡೆ ತಿರುಗಿ ನಿಂತ. ಅವಳೂ ಎದ್ದು ಪಕ್ಕದಲ್ಲಿ ಹೋಗಿ ನಿಂತಳು. ಹೊರಬರುತ್ತಿದ್ದ ಹಾಳೆಯ ಒಂದು ಅಂಚನ್ನು ಅವನು ಹಿಡಿದಿದ್ದ, ಇನ್ನೊಂದನ್ನು ಅವಳು ಹಿಡಿದಳು.

"ನಾಳೆ ಬರ್ತೀರಾ?" ತಿರುಗದೆಯೇ ಕೇಳಿದ.

"ನಾಳೆ ಶುಕ್ರವಾರ. ಏನು ಕೆಲಸ ಅಂತ ಬರ್ಲಿ?"

"ಕೆಲಸ ಏನೂ ಇಲ್ಲ."

"ಹಾಗಾದ್ರೆ ಬರ್ತೀನಿ," ಎಂದಳು ಅವಳು.