ಬಿಟ್ಟುಹೋದ ಚುಕ್ಕೆ

"ಇದನ್ನ ಬರೆದವರು ಯಾರು?"

ಹಾಳೆ ಮೇಜಿನ ಮೇಲೆ ಬಿದ್ದ ರಭಸಕ್ಕೆ ಅವಳ ಲೇಖನಿ ಜಾರಿತು. ಸಂಗೀತದ ಹಾಳೆಗಳನ್ನು ಕೈಯಲ್ಲೇ ನಕಲು ಮಾಡಿಕೊಡುವ ಅಂಗಡಿ ಅದು. ನಕಲು ಮಾಡುವವಳು ಅವಳು. ಎದುರಿಗೆ ನಿಂತಿದ್ದವನು ಕ್ಲಾರಿನೆಟ್ ಊದುವವನು, ಕೋಪವಂತೂ ಮೂಗಿನ ತುದಿಯಲ್ಲೇ!

"ಮೇಲೆ ಮೂರು, ಕೆಳಗೆ ನಾಲ್ಕು ಅಂತ ನೀವೇ ಬರೆದಿದ್ದೀರಿ. ಅಂದ್ರೆ ಎರಡು ಗೆರೆ ನಡುವಿನ ಒಂದೊಂದು ಮನೆಗೂ ಮೂರು ಎಣಿಕೆ. ಈ ಮನೇಲಿ ಬರೀ ಒಂದು ಹಾಫ್ ನೋಟ್ ಇದೆ. ಅದು ಎರಡೇ ಎಣಿಕೆ. ಪಕ್ಕದ ಚುಕ್ಕೆ ಎಲ್ರೀ?"

ಚುಕ್ಕೆ ಇಟ್ಟರೆ ಆ ಸ್ವರ ಅರ್ಧ ಪಾಲು ಹೆಚ್ಚು ನಿಲ್ಲುತ್ತದೆ, ಎರಡು ಮೂರಾಗುತ್ತದೆ. ಅದನ್ನು ಅವಳಿಗೇ ಹೇಳಿಕೊಡುತ್ತಿದ್ದಾನಲ್ಲ! ಆದರೂ ಚುಕ್ಕೆ ಇಟ್ಟಳು. ಅವನು ನಕ್ಕ. ಅಂದಿನಿಂದ ಅವಳು ಅವನ ಬಾಯಲ್ಲಿ 'ಚುಕ್ಕಿ'ಯಾದಳು.

ಎರಡು ವರ್ಷ ಪ್ರೀತಿಸಿಕೊಂಡು ಸುಖವಾಗಿಯೇ ಇದ್ದರು. ಆಮೇಲೆ ದೂರದ ದೊಡ್ಡ ವಾದ್ಯವೃಂದದವರು ಕ್ಲಾರಿನೆಟ್ ಊದುವವರ ಆಯ್ಕೆಗೆ ಬಂದರು, ಅವನೂ ಹೆಸರು ಕೊಟ್ಟ. ಗೆದ್ದವನು ಅವರ ಜೊತೆ ದೇಶ ಸುತ್ತಬೇಕು, ವರ್ಷಗಟ್ಟಲೆ. ಹಿಂದೆಂದೂ ನೋಡಿರದ ಹಾಳೆಯನ್ನು ಅಲ್ಲೇ ನೋಡಿ, ವೃಂದದ ಜೊತೆ ನುಡಿಸಿ ತೋರಿಸಬೇಕು. ಆ ಹಾಳೆಗಳನ್ನು ನಕಲು ಮಾಡುವ ಕೆಲಸ ಅವಳ ಮೇಜಿಗೇ ಬಂತು.

ಹೋಗಬೇಡ ಎಂದು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಳೋ... ಮಾತು ಗಂಟಲಲ್ಲೇ ಉಳಿಯಿತು. ಕೈ ಮಾತ್ರ ಅವನಿಗೆಂದು ಬರೆದ ಕ್ಲಾರಿನೆಟ್ಟಿನ ಹಾಳೆಯಲ್ಲಿ ಒಂದು ಚುಕ್ಕೆಯನ್ನು ಇಡದೆ ಬಿಟ್ಟಿತು.

ಆಯ್ಕೆಯ ದಿನ ಅವನು ಮೂರರ ಮನೆಯಲ್ಲಿ ಎರಡೇ ಎಣಿಸಿದ. ಅಲ್ಲಿಂದಾಚೆಗೆ ಎಲ್ಲರಿಗಿಂತ ಒಂದು ಎಣಿಕೆ ಮುಂದೆ ಓಡಿದ. ಕೆಲಸ ಬೇರೆಯವನಿಗೆ ಹೋಯಿತು. ನಿನ್ನ ಕೈತಪ್ಪಿನಿಂದ ನನ್ನ ಬಾಳು ಹಾಳಾಯಿತು ಎಂದು ಹಾಳೆಯನ್ನು ಅವಳ ಮುಖಕ್ಕೆಸೆದು ಹೊರಟುಹೋದ. ಕೈತಪ್ಪು ಎಂದನಲ್ಲ, ಅಷ್ಟಕ್ಕೇ ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯಿ ಆರು ವರ್ಷ ತೆರೆಯಲಿಲ್ಲ.

ಈಗ ಅಂಗಡಿಯೇ ಮುಚ್ಚುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕೈಬರಹ ಯಾರಿಗೆ ಬೇಕು? ತಮ್ಮ ತಮ್ಮ ಹಾಳೆಗಳನ್ನು ಒಯ್ಯಿರಿ ಎಂದು ಯಜಮಾನರು ಎಲ್ಲರಿಗೂ ಹೇಳಿಕಳುಹಿಸಿದ್ದರು. ಒಂದು ಮಧ್ಯಾಹ್ನ ಅವನೂ ಬಂದ. ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುತ್ತಿದ್ದನಂತೆ. ಕಿವಿಯ ಬಳಿ ಕೂದಲು ನರೆತಿತ್ತು.

ಅವಳು ಕಟ್ಟು ಕೊಟ್ಟಳು. ಅದರ ಮೇಲೆ ಅಂದು ಅವನು ಮುಖಕ್ಕೆಸೆದಿದ್ದ ಆ ಹಾಳೆಯನ್ನೂ ಇಟ್ಟಳು. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ...

"ಅದು ಕೈತಪ್ಪಲ್ಲ. ಬೇಕಂತಲೇ ಬಿಟ್ಟೆ. ನೀನು ಹೋಗಬಾರದು ಅಂತ."

ಅವನು ಬಯ್ಯುತ್ತಾನೆ ಎಂದು ಕಾದಳು. ಅವನು ಹಾಳೆಯನ್ನೇ ನೋಡುತ್ತಿದ್ದ.

"ಮೊದಲನೇ ದಿನ ಒಂದೇ ನೋಟಕ್ಕೆ ಹಿಡಿದವನು ನಾನು. ಆಯ್ಕೆ ದಿನ ಕಾಣಿಸಲಿಲ್ಲ ಅಂದ್ಕೊಂಡ್ಯಾ?"

ಅವನು ಚುಕ್ಕೆಯಿಲ್ಲದ ಆ ಸ್ವರದ ಪಕ್ಕ ಬೆರಳಿಟ್ಟ.

"ಕಾಣಿಸ್ತು, ಚುಕ್ಕಿ. ಆದರೂ ಎರಡೇ ಎಣಿಸಿದೆ. ಅಷ್ಟು ದೊಡ್ಡವರ ಮಧ್ಯೆ ಕೂರೋಕೆ ನಂಗೆ ಭಯ ಇತ್ತು. ಹೇಡಿ ಅಂತ ಒಪ್ಪಿಕೊಳ್ಳೋಕೆ ನಾಚಿಕೆ. ತಪ್ಪನ್ನ ನಿನ್ನ ತಲೆಗೆ ಕಟ್ಟಿಬಿಟ್ಟೆ."

ಅಬ್ಬಾ! ಆರು ವರ್ಷ! ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದ್ದಳು. ಯಾಕೆಂದು ಕೇಳಿ ಕೇಳಿ ಅಮ್ಮ ಸೋತಿದ್ದಳು. ಒಬ್ಬನ ಬಾಳು ಹಾಳು ಮಾಡಿದವಳಿಗೆ ಮದುವೆಯ ಯೋಗ್ಯತೆ ಎಲ್ಲಿದೆ ಎಂದು ತನ್ನನ್ನು ತಾನೇ ಸುಟ್ಟುಕೊಂಡಿದ್ದಳು. ಇವನೋ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ನಾನು ನಿನ್ನ ಒಂದು ಎಣಿಕೆ ಕದ್ದೆ. ನೀನು ನನ್ನ ಆರು ವರ್ಷ ಕದ್ದೆ."

"ಹೌದು."

ಅವನು ಕಟ್ಟನ್ನು ಎತ್ತಿಕೊಂಡ. ಬಾಗಿಲ ತನಕ ಹೋಗಿ ನಿಂತ.

"ಕ್ಷಮಿಸ್ತೀಯಾ?"

"ಇಲ್ಲ."

"ಸರಿ... ಬರ್ತೀನಿ."

ಅವನ ಕೈ ಚಿಲಕದ ಮೇಲಿತ್ತು. ಅಂದು ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇನ್ನೂ ಅಲ್ಲೇ ಇತ್ತು, ಕಹಿಯಾಗಿ.

"ಹೋಗಬೇಡ," ಎಂದಳು.