ಇಸ್ತ್ರಿ ಹಾಕಿದ ಚಿಂದಿ

"ಕಸಕ್ಕೆ ಇಸ್ತ್ರಿ ಹಾಕೋ ಗಂಡಸನ್ನ ಈ ಕೋಮೋ ಊರಲ್ಲಿ ಇದೇ ಮೊದಲು ನೋಡ್ತಿರೋದು," ಎಂದಳು ಪಿಯೆರಾ ಅತ್ತೆ, ಕಾಫಿ ಹೀರುತ್ತಾ.

ಇವಾನೋ ತಲೆ ಎತ್ತಲಿಲ್ಲ. ಅವನೂ ಅವನ ಈ ಸೋದರತ್ತೆಯೂ ಒಂದೇ ಟೈ ಕಾರ್ಖಾನೆಯಲ್ಲಿ ಕತ್ತರಿ ಹಿಡಿಯುವವರು. ಬಣ್ಣ ಹಚ್ಚುವ ಮುನ್ನ ಉಳಿಯುವ ಬಿಳಿ ರೇಷ್ಮೆಯ ಚೂರುಗಳನ್ನು ಅವನು ಪ್ರತಿ ಶುಕ್ರವಾರ ಎದುರು ರಸ್ತೆಯ ಲ್ಯಾಬಿಗೆ ಒಯ್ಯುತ್ತಿದ್ದ. ಅಲ್ಲಿನ ಸಂಶೋಧಕಿ ಒರ್ನೆಲ್ಲಾ ಅವನ್ನು ಕರಗಿಸಿ, ಸುಟ್ಟ ಗಾಯದ ಮೇಲೆ ಹೊದಿಸುವ ತೆಳು ಪೊರೆ ಮಾಡುತ್ತಿದ್ದಳು.

"ಅವಳು ಹೇಗಿದ್ರೂ ಕರಗಿಸ್ತಾಳೆ ಕಣೋ. ರಿಸೊಟ್ಟೋಗೆ ಹಾಕೋ ಅಕ್ಕಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?"

ಅವನು ಇನ್ನೊಂದು ಚೂರನ್ನು ಮಡಿಚಿಟ್ಟ.

ಅಂದು ಲ್ಯಾಬಿನ ಬಾಗಿಲಲ್ಲೇ ಒರ್ನೆಲ್ಲಾ ನಿಂತಿದ್ದಳು. ಕೂದಲು ಕೆದರಿತ್ತು. ಹಾಗಿದ್ದರೂ ಚೆಂದವಾಗಿದ್ದಳು, ಅದೇ ಕಷ್ಟ.

"ಮತ್ತೆ ಸತ್ತವು ಇವಾನೋ. ಪೊರೆ ಮೇಲೆ ಚರ್ಮದ ಜೀವಕೋಶ ಬೆಳೀಲೇಬೇಕು. ನನ್ನ ಪೊರೆ ಮೇಲೆ ಮಾತ್ರ ಸಾಯ್ತವೆ. ಈ ತಿಂಗಳೂ ಹೀಗೇ ಆದ್ರೆ ಆಸ್ಪತ್ರೆಯವರು ಪ್ರಯೋಗ ನಿಲ್ಲಿಸ್ತಾರೆ. ನಾನು ನಮ್ಮೂರು ತ್ರಿಯೆಸ್ತೆಗೆ ವಾಪಸ್. ನಿಮ್ಮ ಕಾರ್ಖಾನೆಯವರು ರೇಷ್ಮೆಗೆ ಏನಾದ್ರೂ ಹಾಕ್ತಾರಾ?"

"ಏನೂ ಇಲ್ಲ," ಎಂದ. ನಿಜ, ಕಾರ್ಖಾನೆ ಏನೂ ಹಾಕುತ್ತಿರಲಿಲ್ಲ.

ಸುಮ್ಮನಿದ್ದುಬಿಡುವುದು ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ಆದರೆ ಈ ಮೌನಕ್ಕೆ ಒಂದು ರೈಲಿನ ಸದ್ದು ಅಂಟಿಕೊಂಡಿತ್ತು, ಅವಳನ್ನು ತ್ರಿಯೆಸ್ತೆಗೆ ಒಯ್ಯುವ ರೈಲು.

"ನಾನು ಹಾಕ್ತೀನಿ."

"ಏನನ್ನ?"

"ಬಟ್ಟೆ ಮೆತ್ತಗಾಗೋ ಸಾಫ್ಟ್‌ನರ್. ತೊಳೆಯುವಾಗ. ಲ್ಯಾವೆಂಡರ್ ವಾಸನೆಯದು... ದುಬಾರಿಯದೇ."

ಅವಳ ಬಾಯಿ ತೆರೆದೇ ಇತ್ತು. "ತೊಳೀತೀರಾ? ಚಿಂದೀನ?"

"ಕತ್ತರಿಸೋ ಮೇಜಿನ ಕೆಳಗೆ ಬಿದ್ದದ್ದನ್ನ ಹಾಗೇ ಹೇಗೆ ಕೊಡೋದು," ಅವನ ಕಿವಿ ಕೆಂಪಾಯಿತು, "ನಿಮ್ಮ ಕೈಗೆ?"

ಬೈಗುಳ ಬೀಳುತ್ತದೆಂದು ಅವನು ಭುಜ ಕುಗ್ಗಿಸಿದ.

"ಓಡಿ," ಎಂದಳು. "ಹೊಲಸಾಗಿರೋದನ್ನೇ ತನ್ನಿ. ತೊಳೆದ್ರೆ ಕೊಂದುಬಿಡ್ತೀನಿ."

ಅವನು ಓಡಿದ. ಧೂಳು, ನೂಲು ಮೆತ್ತಿದ ಚಿಂದಿಯನ್ನು ಗೋಣಿಗೆ ತುಂಬಿ ತರುವಾಗ ಅತ್ತೆ ಕಾರ್ಖಾನೆಯ ಕಿಟಕಿಯಿಂದ ಕೂಗಿದಳು: "ಈಗ ಸರಿಯಾದ ಪ್ರೇಮಿ ಥರ ಕಾಣ್ತಿದೀಯ!"

ತಿಂಗಳ ಕೊನೆಗೆ ಒರ್ನೆಲ್ಲಾ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಪೊರೆಯ ಮೇಲೆ ಜೀವಕೋಶಗಳು ಕಾಲು ಚಾಚಿ ಒಂದನ್ನೊಂದು ಮುಟ್ಟಿಕೊಂಡಿದ್ದವು.

"ಬದುಕಿವೆ," ಎಂದಳು. "ಡಾಕ್ಟರುಗಳೂ ನೋಡಿದ್ರು. ಪ್ರಯೋಗ ಮುಂದುವರಿಯುತ್ತೆ. ನಾನೂ ಇಲ್ಲೇ."

ಅವನು ಕಣ್ಣು ಕೀಳಲಿಲ್ಲ. ಕಿತ್ತರೆ ಅವಳನ್ನು ನೋಡಬೇಕಾಗುತ್ತಿತ್ತು.

"ನನ್ನದೂ ಒಂದು ತಪ್ಪಿದೆ, ಇವಾನೋ. ಒಂದು ಚೀಲ ಚಿಂದಿ ನನಗೆ ವರ್ಷಪೂರ್ತಿ ಸಾಕು."

ಅವನು ಈಗ ತಲೆ ಎತ್ತಿದ. "ಮತ್ತೆ ಪ್ರತಿ ಶುಕ್ರವಾರ ತರಿಸ್ಕೊಳ್ತಿದ್ದದ್ದು?"

ಅವಳು ಗ್ಲೌಸನ್ನು ಬೆರಳು ಬೆರಳಾಗಿ ಕಳಚುತ್ತಾ ನಗು ತಡೆದುಕೊಳ್ಳುತ್ತಿದ್ದಳು.

"ನಾಳೆ ಸಂಜೆ ಸರೋವರದ ಹತ್ತಿರ ಬಾ," ಎಂದಳು ಕೊನೆಗೆ. "ಬರಿಗೈಯಲ್ಲಿ."